ಹಾರ್ನ್ ಒತ್ತಿದರೆ ಒಳಗೆಲ್ಲೋ 'ಟಕ್': ರಿಲೇ ಅನ್ನೋ ಕಪ್ಪು ಡಬ್ಬಿಯ ಕಥೆ

[ಸದ್ದು: ಟಕ್.]

ಕೇಳಿಸ್ತಾ? ಇನ್ನೊಂದು ಸಲ ಕೇಳಿ.

[ಸದ್ದು: ಟಕ್.]

ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಸದ್ದಿನ ಬಗ್ಗೆ. ರಾತ್ರಿ ಸುತ್ತಮುತ್ತ ಗಲಾಟೆ ಇಲ್ಲದ ಹೊತ್ತಲ್ಲಿ ಕಾರಿನಲ್ಲಿ ಕೂತು, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿ ಹೆಡ್‌ಲೈಟ್ ಹಾಕಿ ನೋಡಿ. ಬೆಳಕಿನ ಜೊತೆಗೇ ಡ್ಯಾಶ್‌ಬೋರ್ಡಿನ ಕೆಳಗಿನಿಂದಲೋ ಬಾನೆಟ್ ಒಳಗಿನಿಂದಲೋ ಯಾರೋ ಬೆರಳಿನ ಲಟಿಕೆ ಮುರಿದ ಹಾಗೆ ಒಂದು 'ಟಕ್' ಬರುತ್ತೆ. ತೀರಾ ಹೊಸ ಕಾರಾದರೆ ಬರದೇ ಇರಬಹುದು, ಅದರ ಕಾರಣ ಕೊನೆಯಲ್ಲಿ ಹೇಳ್ತೀನಿ. ಆದರೆ ರಸ್ತೆಯಲ್ಲಿ ಓಡಾಡ್ತಿರೋ ಎಷ್ಟೋ ಕಾರುಗಳಲ್ಲಿ ಈ ಸದ್ದು ಇದೆ. ಮಾಡೋದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ. ಹೆಸರು ರಿಲೇ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ 'ಅಣ್ಣಾ, ಒಂದು ಹಾರ್ನ್ ರಿಲೇ ಕೊಡಿ' ಅಂದ್ರೆ ಅಂಗಡಿಯವರು ತಲೆ ಎತ್ತಿ ನೋಡದೆಯೇ ಡ್ರಾಯರ್‌ನಿಂದ ತೆಗೆದು ಕೊಡ್ತಾರೆ. ಅಷ್ಟು ಮಾಮೂಲಿ ವಸ್ತು. ಆದರೆ ಅದರೊಳಗಿರೋ ಉಪಾಯಕ್ಕೆ ಸುಮಾರು 190 ವರ್ಷ ವಯಸ್ಸು. ಕಾರು ಹುಟ್ಟುವುದಕ್ಕೆ 50 ವರ್ಷ ಮುಂಚೆಯೇ ಅದು ಹುಟ್ಟಿತ್ತು. ಅದಕ್ಕಾಗಿ ಇಬ್ಬರು ದೊಡ್ಡ ಮನುಷ್ಯರು ಜಗಳ ಆಡಿ, ಮಾತು ಕೋರ್ಟಿನವರೆಗೂ ಹೋಗಿತ್ತು. ಆ ಜಗಳದಲ್ಲಿ ಯಾರ ಪಕ್ಷ ಹಿಡಿಯಬೇಕು ಅನ್ನೋದಕ್ಕೆ ನಿಮ್ಮ ಕಾರಿನ ಹಾರ್ನೇ ಒಂದು ಸಾಕ್ಷಿ ಅನ್ನೋದು ನನ್ನ ವಾದ.

ಮೊದಲು ಸಮಸ್ಯೆ ಏನು ಅಂತ ನೋಡೋಣ.

ನಮ್ಮಲ್ಲಿ ಕಾರು ತಗೊಂಡ ಹೊಸದರಲ್ಲಿ ಒಂದು ಚಟ ಇರುತ್ತಲ್ಲ, ಹೆಡ್‌ಲೈಟ್ ಸಾಲಲ್ಲ, ಜೋರು ಬಲ್ಬ್ ಹಾಕಿಸೋಣ ಅಂತ. ಕಂಪನಿಯಿಂದ ಬಂದ ಹ್ಯಾಲೊಜೆನ್ ಬಲ್ಬ್ ಸಾಮಾನ್ಯವಾಗಿ 60/55 ವಾಟ್. ಹೈ ಬೀಮ್‌ಗೆ 60, ಲೋ ಬೀಮ್‌ಗೆ 55. ಎರಡು ಬಲ್ಬ್ ಸೇರಿ ಲೋ ಬೀಮ್‌ನಲ್ಲಿ 110 ವಾಟ್. 12 ವೋಲ್ಟ್ ಬ್ಯಾಟರಿ ಲೆಕ್ಕದಲ್ಲಿ ಸುಮಾರು 9 ಆಂಪಿಯರ್ ಕರೆಂಟ್. ಅದನ್ನು ತೆಗೆದು 100 ವಾಟಿನ ಎರಡು ಬಲ್ಬ್ ಹಾಕಿದ್ರೆ 16-17 ಆಂಪಿಯರ್. ಅಷ್ಟೂ ಕರೆಂಟು ಸ್ಟೀರಿಂಗ್ ಪಕ್ಕದ ಆ ಚಿಕ್ಕ ಪ್ಲಾಸ್ಟಿಕ್ ಸ್ವಿಚ್ಚಿನ ಮೂಲಕವೇ ಹರಿದರೆ ಏನಾಗುತ್ತೆ? ಮೊದಲು ಸ್ವಿಚ್ ಬೆಚ್ಚಗಾಗುತ್ತೆ. ಆಮೇಲೆ ಒಂದು ವಾಸನೆ. ಆಮೇಲೆ ಒಂದು ರಾತ್ರಿ ಘಾಟಿಯ ತಿರುವಿನಲ್ಲಿ ಎರಡೂ ಲೈಟ್ ಒಟ್ಟಿಗೆ ಆಫ್. ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ, ಪಾಯಿಂಟು ಕಪ್ಪಾಗಿ ಕೂತಿರುತ್ತೆ. ಫ್ಯೂಸಿಗೆ ಬದಲು ದಪ್ಪ ತಂತಿ ಸುತ್ತಿದ್ದರಂತೂ ವೈರಿಂಗೇ ಹೊತ್ತಿಕೊಳ್ಳಬಹುದು. ಆಟೋ ಎಲೆಕ್ಟ್ರಿಷಿಯನ್‌ಗಳನ್ನು ಕೇಳಿ ನೋಡಿ, ಈ ಕೇಸ್ ಅವರಿಗೆ ಹೊಸದಲ್ಲ.

ಸ್ವಿಚ್ ಉಳಿದರೂ ಇನ್ನೊಂದು ನಷ್ಟ ಇದೆ, ಕಣ್ಣಿಗೆ ಕಾಣದ್ದು. ಹಳೆಯ ಕಾಲದ ವೈರಿಂಗ್‌ನಲ್ಲಿ ಹೆಡ್‌ಲೈಟಿನ ಕರೆಂಟು ಬಾನೆಟ್ ಒಳಗಿರೋ ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ ದಾಟಿ, ಡಿಪ್ಪರ್ ಸ್ವಿಚ್ ದಾಟಿ, ಮತ್ತೆ ಮುಂದಕ್ಕೆ ಹೋಗಿ ಬಲ್ಬ್ ಮುಟ್ಟಬೇಕಿತ್ತು. ಬಲ್ಬ್ ಇರೋದು ಬ್ಯಾಟರಿಯ ಮಗ್ಗುಲಲ್ಲೇ, ಕರೆಂಟು ಮಾತ್ರ ಊರೆಲ್ಲ ಸುತ್ತಿ ಬರಬೇಕು. 6 ಮೀಟರ್ ದಾರಿ ಅಂತ ಇಟ್ಕೊಳ್ಳಿ, ವೈರು 1 ಚದರ ಮಿಲಿಮೀಟರ್ ದಪ್ಪದ್ದು. ತಾಮ್ರದ ಆ ವೈರಿನ ರೋಧ ಸುಮಾರು 0.1 ಓಮ್. 9 ಆಂಪಿಯರ್ ಹರಿದರೆ ದಾರಿಯಲ್ಲೇ ಹತ್ತಿರಹತ್ತಿರ 1 ವೋಲ್ಟ್ ಕಳೆದುಹೋಗುತ್ತೆ. ಸ್ವಿಚ್ಚು, ಕನೆಕ್ಟರ್‌ಗಳಲ್ಲಿ ಇನ್ನಷ್ಟು ಸೋರುತ್ತೆ.

'ಒಂದು ವೋಲ್ಟ್ ತಾನೇ' ಅನ್ನಬೇಡಿ. ಮನೆಯ 230 ವೋಲ್ಟ್‌ನಲ್ಲಿ ಒಂದು ಹೋದರೆ ಗೊತ್ತೂ ಆಗಲ್ಲ. ಇಲ್ಲಿ ಇರೋದೇ 12-13. ಅದೂ ಅಲ್ಲದೆ ಈ ಥರದ ತಂತಿ ಬಲ್ಬಿನ ಬೆಳಕು ವೋಲ್ಟೇಜಿನಷ್ಟೇ ಪ್ರಮಾಣದಲ್ಲಿ ಇಳಿಯಲ್ಲ, ಅದಕ್ಕಿಂತ ತುಂಬ ಬೇಗ ಇಳಿಯುತ್ತೆ. ವೋಲ್ಟೇಜ್ 100ಕ್ಕೆ 10ರಷ್ಟು ಕಡಿಮೆ ಆದರೆ ಬೆಳಕು 100ಕ್ಕೆ 30ರಷ್ಟು ಕಡಿಮೆ. ಅಂದರೆ ಎಷ್ಟೋ ಹಳೆಯ ಕಾರುಗಳಲ್ಲಿ ಬಲ್ಬ್ ಸರಿಯಾಗೇ ಇತ್ತು, ವೈರೇ ಬೆಳಕು ತಿಂತಿತ್ತು. ಜೋರು ಬಲ್ಬ್ ಹಾಕಿದರೆ ವೈರು ಇನ್ನೂ ಹೆಚ್ಚು ತಿನ್ನುತ್ತೆ.

'ತಂತಿ ಉದ್ದವಾದಷ್ಟೂ ಕರೆಂಟು ಸೊರಗುತ್ತೆ' ಅನ್ನೋದು ಕಾರಿನವರು ಕಂಡುಕೊಂಡ ತಲೆನೋವಲ್ಲ. ಅದು ಟೆಲಿಗ್ರಾಫ್‌ನವರ ತಲೆನೋವು. ಅಲ್ಲಿಗೆ ಹೋಗೋಣ.

1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಅನ್ನೋ ವಿಜ್ಞಾನಿ, ಕರೆಂಟು ಹರಿಯೋ ತಂತಿಯ ಹತ್ತಿರ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ಅಲ್ಲಾಡುತ್ತೆ ಅಂತ ತೋರಿಸಿದ. ಕರೆಂಟಿಗೂ ಅಯಸ್ಕಾಂತಕ್ಕೂ ನಂಟಿದೆ ಅಂತ ಗೊತ್ತಾಗಿದ್ದು ಆಗ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕುದುರೆ ಲಾಳದ ಆಕಾರದ ಕಬ್ಬಿಣಕ್ಕೆ ತಂತಿ ಸುತ್ತಿ ಕರೆಂಟು ಹರಿಸಿದ. ಕರೆಂಟ್ ಇದ್ದಷ್ಟು ಹೊತ್ತು ಅದು ಅಯಸ್ಕಾಂತ, ನಿಲ್ಲಿಸಿದರೆ ಬರೀ ಕಬ್ಬಿಣ. ವಿದ್ಯುತ್ಕಾಂತ ಹುಟ್ಟಿತು.

ಇಲ್ಲಿಂದ ಕಥೆ ಅಮೆರಿಕದ ಆಲ್ಬನಿ ಅನ್ನೋ ಊರಿಗೆ, ಜೋಸೆಫ್ ಹೆನ್ರಿಯ ಹತ್ತಿರ ಹೋಗುತ್ತೆ. 1797ರಲ್ಲಿ ಬಡ ಮನೆಯಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಗಡಿಯಾರದ ಅಂಗಡಿಯಲ್ಲಿ ಕೆಲಸ ಕಲಿಯೋಕೆ ಸೇರಿದ್ದ. ಆಮೇಲೆ ಓದಿ, ಅದೇ ಊರಿನ ಆಲ್ಬನಿ ಅಕಾಡೆಮಿಯಲ್ಲಿ ಮೇಷ್ಟ್ರಾದ. ಸ್ಟರ್ಜನ್‌ನ ಅಯಸ್ಕಾಂತದಲ್ಲಿ ತಂತಿ ಬರಿಮೈಯಲ್ಲಿತ್ತು, ಒಂದಕ್ಕೊಂದು ತಾಗದ ಹಾಗೆ ದೂರದೂರ ಸುತ್ತಬೇಕಿತ್ತು. ಹೆನ್ರಿ ತಂತಿಗೇ ರೇಷ್ಮೆ ಸುತ್ತಿದ. ಈಗ ಒತ್ತೊತ್ತಾಗಿ, ಪದರದ ಮೇಲೆ ಪದರವಾಗಿ ಎಷ್ಟು ಬೇಕಾದರೂ ಸುತ್ತಬಹುದಲ್ಲ! ಮೇಷ್ಟ್ರಿಗೆ ಬಿಡುವು ಸಿಗ್ತಿದ್ದಿದ್ದೇ ರಜೆಯಲ್ಲಿ, ಪ್ರಯೋಗ ನಡೀತಿದ್ದಿದ್ದೂ ರಜೆಯಲ್ಲೇ. 1831ರಲ್ಲಿ ಯೇಲ್ ಕಾಲೇಜಿಗೆ ಮಾಡಿಕೊಟ್ಟ ಅಯಸ್ಕಾಂತ 900 ಕಿಲೊಗೂ ಹೆಚ್ಚು ತೂಕ ಎತ್ತಿತು. ಅದೂ ಒಂದು ಸಣ್ಣ ಬ್ಯಾಟರಿಯಿಂದ.

ಹೆನ್ರಿ ಇನ್ನೊಂದು ಸೂಕ್ಷ್ಮ ಕಂಡುಕೊಂಡ. ವಿದ್ಯುತ್ಕಾಂತದಲ್ಲಿ ಎರಡು ಜಾತಿ. ದಪ್ಪ ತಂತಿಯ ಕೆಲವೇ ಸುತ್ತಿನದು ಬಲಶಾಲಿ, ಆದರೆ ಬ್ಯಾಟರಿ ಪಕ್ಕದಲ್ಲೇ ಇರಬೇಕು. ತೆಳು ತಂತಿಯ ಬಹಳ ಸುತ್ತಿನದಕ್ಕೆ ಅಷ್ಟು ಬಲ ಇಲ್ಲ, ಆದರೆ ದೂರದಿಂದ ಬಂದ ಸೊರಗಿದ ಕರೆಂಟಿಗೂ ಅದು ಓಗೊಡುತ್ತೆ. ಈ ಎರಡನೆಯ ಜಾತಿಯನ್ನು ಇಟ್ಟುಕೊಂಡು 1831ರಲ್ಲಿ ಒಂದು ಮೈಲಿಗೂ ಉದ್ದದ ತಂತಿಯ ಆ ತುದಿಯಲ್ಲಿ ಗಂಟೆ ಬಾರಿಸಿ ತೋರಿಸಿದ.

1832ರಲ್ಲಿ ಪ್ರಿನ್ಸ್‌ಟನ್ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದ. ಅಲ್ಲಿ 1835ರ ಹೊತ್ತಿಗೆ ವಿದ್ಯಾರ್ಥಿಗಳ ಮುಂದೆ ಒಂದು ಆಟ ತೋರಿಸ್ತಿದ್ದ. ದೊಡ್ಡ ಅಯಸ್ಕಾಂತವೊಂದು ಭಾರಿ ತೂಕವನ್ನು ಹಿಡಿದು ನಿಂತಿರುತ್ತೆ. ಪಕ್ಕದಲ್ಲಿ ಒಂದು ಚಿಕ್ಕ ವಿದ್ಯುತ್ಕಾಂತ, ಅದರ ತಂತಿ ದೂರದಿಂದ ಬಂದಿದ್ದು. ದೂರದಿಂದ ಅದಕ್ಕೆ ಇಷ್ಟೇ ಇಷ್ಟು ಕರೆಂಟ್ ಕಳಿಸಿದರೆ ಅದು ಒಂದು ಪುಟ್ಟ ತಂತಿಯನ್ನು ಮೇಲಕ್ಕೆ ಎಳೆಯುತ್ತೆ. ಆ ತಂತಿ ದೊಡ್ಡ ಅಯಸ್ಕಾಂತದ ಸರ್ಕ್ಯೂಟಿನ ಕೊಂಡಿ. ಕೊಂಡಿ ಕಳಚಿದ ತಕ್ಷಣ ದೊಡ್ಡದರ ಕರೆಂಟು ಹೋಗಿ, ತೂಕ ಧಡಾರ್ ಅಂತ ನೆಲಕ್ಕೆ! ತರಗತಿಯಲ್ಲಿ ನಿದ್ದೆ ಮಾಡ್ತಿದ್ದವರೆಲ್ಲ ಎದ್ದಿರಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ದೂರದಿಂದ ಬಂದ ಆ ಸಣ್ಣ ಕರೆಂಟು ತೂಕವನ್ನು ಎತ್ತಲಿಲ್ಲ, ಇಳಿಸಲೂ ಇಲ್ಲ. ಎತ್ತಿ ಹಿಡಿದಿದ್ದ ದೊಡ್ಡ ಕರೆಂಟಿಗೆ 'ಇರು', 'ಬಿಡು' ಅಂತ ಹೇಳಿತು, ಅಷ್ಟೇ. ಎರಡು ಸರ್ಕ್ಯೂಟ್‌ಗಳ ನಡುವೆ ತಂತಿಯ ಸಂಬಂಧವೇ ಇಲ್ಲ. ಒಂದರ ಕರೆಂಟಿನ ಒಂದು ಹನಿಯೂ ಇನ್ನೊಂದಕ್ಕೆ ಹೋಗಲ್ಲ. ಹೋಗೋದು ಅಪ್ಪಣೆ ಮಾತ್ರ. ರಿಲೇ ಅಂದ್ರೆ ಇದೇ.

ಹೆನ್ರಿ ಇದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ವಿಜ್ಞಾನ ಎಲ್ಲರ ಸ್ವತ್ತು ಅನ್ನೋ ಜಾಯಮಾನದವನು. 1837ರಲ್ಲಿ ಲಂಡನ್ನಿಗೆ ಹೋದಾಗ, ಅಲ್ಲಿ ಟೆಲಿಗ್ರಾಫ್ ಕೆಲಸದಲ್ಲಿದ್ದ ಚಾರ್ಲ್ಸ್ ವೀಟ್‌ಸ್ಟನ್‌ಗೂ ಇದನ್ನೆಲ್ಲ ವಿವರಿಸಿ ಬಂದ. ಅದೇ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಡೇವಿ ಅನ್ನೋನು ತನ್ನಷ್ಟಕ್ಕೆ ತಾನೇ ಇಂಥದ್ದೊಂದು ಮಾಡಿ 1838ರಲ್ಲಿ ಪೇಟೆಂಟ್ ಪಡೆದಿದ್ದ. ಮರುವರ್ಷ ಅವನು ಆಸ್ಟ್ರೇಲಿಯಾಕ್ಕೆ ಹೊರಟುಹೋದ, ಜನ ಅವನನ್ನು ಮರೆತೂಬಿಟ್ಟರು.

ಈಗ ಇನ್ನೊಬ್ಬ ಬರ್ತಾನೆ: ಸ್ಯಾಮ್ಯುಯೆಲ್ ಮೋರ್ಸ್. ಮೋರ್ಸ್ ಕೋಡಿನ ಮೋರ್ಸೇ. ಕಸುಬಿನಲ್ಲಿ ಚಿತ್ರಕಾರ. ನ್ಯೂಯಾರ್ಕಿನಲ್ಲಿ ಕೂತು ಟೆಲಿಗ್ರಾಫ್ ಮಾಡೋಕೆ ಒದ್ದಾಡ್ತಿದ್ದ. ಸಿಗ್ನಲ್ಲು ದೂರ ಹೋಗ್ತಾನೇ ಇರಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿದ್ದ ರಸಾಯನಶಾಸ್ತ್ರದ ಪ್ರೊಫೆಸರ್ ಲೆನರ್ಡ್ ಗೇಲ್ ಬಂದು ನೋಡಿ, ಹೆನ್ರಿ 1831ರಲ್ಲಿ ಬರೆದ ಲೇಖನದ ಪ್ರಕಾರ ಸುತ್ತು ಜಾಸ್ತಿ ಮಾಡು, ಬ್ಯಾಟರಿಯ ಸೆಲ್ ಜಾಸ್ತಿ ಮಾಡು ಅಂದ. ಕೆಲಸ ಆಯ್ತು. ಅದಕ್ಕೆ ಮೋರ್ಸ್ ತನ್ನದೊಂದು ಯೋಚನೆ ಸೇರಿಸಿದ: ಕರೆಂಟು ಸುಸ್ತಾಗೋ ಜಾಗದಲ್ಲಿ ಒಂದು ವಿದ್ಯುತ್ಕಾಂತ, ಒಂದು ಹೊಸ ಬ್ಯಾಟರಿ ಇಟ್ಟರೆ ಅಲ್ಲಿಂದ ಮುಂದಕ್ಕೆ ಸಿಗ್ನಲ್ ಹೊಸದಾಗಿ ಹೊರಡುತ್ತೆ. ಹೀಗೇ ಮಾಡ್ತಾ ಹೋದರೆ ಎಷ್ಟು ದೂರ ಬೇಕಾದರೂ ಮುಟ್ಟಬಹುದು. 1840ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1844ರ ಮೇ 24ರಂದು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ, ಸುಮಾರು 60 ಕಿಲೋಮೀಟರ್ ದೂರ, ತಂತಿ ಸಂದೇಶ ಹೋಯ್ತು.

ರಿಲೇ ಅನ್ನೋ ಹೆಸರು ಬಂದಿದ್ದು ಈ ಕೆಲಸದಿಂದ. ಯುರೋಪಿನಲ್ಲಿ ದೂರದ ಪ್ರಯಾಣಕ್ಕೆ ದಾರಿಯುದ್ದಕ್ಕೂ ಕಟ್ಟೆಗಳಲ್ಲಿ ಹೊಸ ಕುದುರೆ ಕಟ್ಟಿರ್ತಿದ್ದರು. ದಣಿದ ಕುದುರೆ ಬಿಟ್ಟು ಹೊಸದನ್ನು ಹೂಡಿ ಮುಂದಕ್ಕೆ. ಆ ಬದಲಿ ಕುದುರೆಗಳಿಗೆ ರಿಲೇ ಅಂತ ಹೆಸರು. ನಮಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ್ ಮೈಸೂರು ಸೀಮೆಯಲ್ಲಿ ಶುರು ಮಾಡಿದ ಅಂಚೆಯೂ ಹೀಗೇ ಅಲ್ವಾ? ಒಬ್ಬ ಓಡಿ ಬಂದು ಚೀಲ ಕೊಡೋದು, ಇನ್ನೊಬ್ಬ ಅಲ್ಲಿಂದ ಓಡೋದು. ಆ ಮೈಸೂರು ಅಂಚೆ 1889ರವರೆಗೂ ಬ್ರಿಟಿಷರ ಅಂಚೆಯಿಂದ ಬೇರೆಯಾಗೇ ನಡೀತು. ಸ್ಪೋರ್ಟ್ಸ್ ಡೇಯಲ್ಲಿ ರಿಲೇ ಓಟ ಓಡಿದವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ.

ಆಮೇಲೆ ಜಗಳ. ಮೋರ್ಸ್‌ನ ಪೇಟೆಂಟ್ ಮೇಲೆ ಸಾಲುಸಾಲು ಕೇಸ್ ಬಿದ್ದವು. ಹೆನ್ರಿಯನ್ನು ಸಾಕ್ಷಿ ಹೇಳೋಕೆ ಕರೆದರು. ಅವನಿಗೆ ಇಷ್ಟವಿರಲಿಲ್ಲ, ಆದರೂ ಏನು ನಡೆದಿತ್ತೋ ಅದನ್ನು ಹೇಳಿದ: ಇದರ ವಿಜ್ಞಾನ ಮೋರ್ಸ್‌ಗಿಂತ ಮುಂಚೆಯೇ ಇತ್ತು ಅಂತ. 1854ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೋರ್ಸ್‌ನ ಪೇಟೆಂಟಿನ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. ಗೆದ್ದ ಮೇಲೂ ಮೋರ್ಸ್‌ಗೆ ಸಿಟ್ಟು ಇಳಿಯಲಿಲ್ಲ. 1855ರಲ್ಲಿ ಹೆನ್ರಿಯ ಸಾಕ್ಷ್ಯವೇ ಸುಳ್ಳು ಅನ್ನೋ ಅರ್ಥದಲ್ಲಿ ಉದ್ದನೆಯ ಬರಹ ಅಚ್ಚು ಹಾಕಿಸಿದ. ಹೆನ್ರಿ ಆಗ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ, 1846ರಿಂದ ಅದನ್ನು ಕಟ್ಟಿದವನೇ ಅವನು. ತನ್ನ ಮೇಲಿನ ಆರೋಪ ವಿಚಾರಿಸಿ ಅಂತ ತನ್ನದೇ ಸಂಸ್ಥೆಯ ಆಡಳಿತ ಮಂಡಳಿಗೆ ತಾನೇ ಅರ್ಜಿ ಕೊಟ್ಟ. ಮಂಡಳಿ ವಿಚಾರಿಸಿ, ಹೆನ್ರಿ ಹೇಳಿದ್ದು ಸರಿ ಅಂತ ವರದಿ ಕೊಟ್ಟಿತು. ಅದೇ ಹೊತ್ತಿಗೆ, 1858ರಲ್ಲಿ, ಯುರೋಪಿನ ಹಲವು ಸರ್ಕಾರಗಳು ಸೇರಿ ಮೋರ್ಸ್‌ಗೆ 4 ಲಕ್ಷ ಫ್ರಾಂಕ್ ಬಹುಮಾನ ಕೊಟ್ಟವು.

ಮೋರ್ಸ್ ಕಳ್ಳ ಅಂತ ನಾನು ಹೇಳ್ತಿಲ್ಲ. ಕೋಣೆಯಲ್ಲಿದ್ದ ಪ್ರಯೋಗವನ್ನು ಊರಿಂದೂರಿಗೆ ಕೆಲಸ ಮಾಡೋ ಯಂತ್ರ ಮಾಡೋದು ಸಣ್ಣ ಮಾತಲ್ಲ. ಆದರೆ ಇಬ್ಬರ ರಿಲೇ ಒಂದೇ ಅಲ್ಲ, ಇದನ್ನು ಗಮನಿಸಬೇಕು. ಮೋರ್ಸ್‌ನ ರಿಲೇ ಅಂಚೆಯ ಓಟಗಾರ: ಬಂದ ಸಂದೇಶವನ್ನು ಹಾಗೇ ಮುಂದಕ್ಕೆ ದಾಟಿಸೋನು. ಹೆನ್ರಿಯ ರಿಲೇ ಆನೆಯ ಮೇಲಿನ ಮಾವುತ: ಕಾಲಿನ ಬೆರಳು ಒತ್ತಿದರೆ ಆನೆ ಎದ್ದು ನಡೆಯುತ್ತೆ. ನಿಮ್ಮ ಕಾರಿನಲ್ಲಿ ಇರೋದು ಎರಡನೆಯದು. ಹೆಸರು ಮೋರ್ಸ್‌ನ ಕಡೆಯದು, ಕೆಲಸ ಹೆನ್ರಿಯದು.

ಕಾರಿಗೆ ಬರೋ ಮುಂಚೆ ರಿಲೇ ಎಲ್ಲೆಲ್ಲೋ ಸುತ್ತಾಡಿತು. ರೈಲ್ವೆ ಸಿಗ್ನಲ್, ಟೆಲಿಫೋನ್ ಎಕ್ಸ್‌ಚೇಂಜ್. ಆಮೇಲೆ ಕಂಪ್ಯೂಟರ್ ಕೂಡ. ಜರ್ಮನಿಯ ಕೊನ್ರಾಡ್ ತ್ಸೂಸೆ 1941ರಲ್ಲಿ ಕಟ್ಟಿದ ಝಡ್3 ಕಂಪ್ಯೂಟರಿನಲ್ಲಿ ಸಾವಿರಾರು ರಿಲೇ ಇದ್ದವು. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಕಂಪ್ಯೂಟರ್ ಕೆಟ್ಟು ನಿಂತಾಗ ಬಿಚ್ಚಿ ನೋಡಿದರೆ ಒಂದು ರಿಲೇಯ ನಡುವೆ ಪತಂಗ ಸಿಕ್ಕಿಕೊಂಡಿತ್ತು. ಅದನ್ನು ಟೇಪ್ ಹಾಕಿ ಲಾಗ್‌ಬುಕ್ಕಿಗೆ ಅಂಟಿಸಿದರು. ಆ ಪುಸ್ತಕ ಈಗ ಇರೋದು ಎಲ್ಲಿ ಗೊತ್ತಾ? ಸ್ಮಿತ್ಸೋನಿಯನ್‌ನಲ್ಲಿ. ಹೆನ್ರಿಯ ಮನೆಗೇ ಹೋಗಿ ಸೇರಿತು.

ಸರಿ, ಕಾರು.

ಮೊದಮೊದಲ ಕಾರುಗಳ ಹೆಡ್‌ಲೈಟಿಗೆ ಕರೆಂಟೇ ಇರಲಿಲ್ಲ. ಸೀಮೆಎಣ್ಣೆ ದೀಪ, ಇಲ್ಲವೇ ಕಾರ್ಬೈಡ್ ದೀಪ. ಕಾರ್ಬೈಡ್ ಅಂದ್ರೆ ನಮ್ಮಲ್ಲಿ ಕದ್ದುಮುಚ್ಚಿ ಮಾವಿನಹಣ್ಣು ಮಾಗಿಸ್ತಾರಲ್ಲ, ಅದೇ. ಅದರ ಮೇಲೆ ನೀರು ತೊಟ್ಟಿಕ್ಕಿಸಿದರೆ ಅಸಿಟಿಲೀನ್ ಗ್ಯಾಸ್ ಬರುತ್ತೆ, ಬೆಂಕಿಕಡ್ಡಿ ಗೀರಿ ಹಚ್ಚೋದು. ಕಾರಿಗೆ ಪೂರ್ತಿ ಕರೆಂಟಿನ ವ್ಯವಸ್ಥೆ ಬಂದಿದ್ದು 1912ರ ಮಾಡೆಲ್ ಕ್ಯಾಡಿಲಾಕ್‌ನಲ್ಲಿ. ಚಾರ್ಲ್ಸ್ ಕೆಟರಿಂಗ್ ಅನ್ನೋ ಎಂಜಿನಿಯರ್ ಸೆಲ್ಫ್ ಸ್ಟಾರ್ಟರ್, ಡೈನಮೊ, ಬ್ಯಾಟರಿ, ಲೈಟು ಎಲ್ಲವನ್ನೂ ಒಂದು ಮಾಡಿದ.

ಡೈನಮೊ ಬಂದ ಕಾರುಗಳಿಗೆ ಮೊದಲು ಬೇಕಾದ ರಿಲೇ ಹಾರ್ನಿನದೂ ಅಲ್ಲ, ಲೈಟಿನದೂ ಅಲ್ಲ. ಎಂಜಿನ್ ಓಡ್ತಿದ್ದಾಗ ಡೈನಮೊ ಬ್ಯಾಟರಿಗೆ ಚಾರ್ಜ್ ಕೊಡುತ್ತೆ. ಎಂಜಿನ್ ನಿಂತರೆ? ಬ್ಯಾಟರಿಯ ಕರೆಂಟು ಉಲ್ಟಾ ಡೈನಮೊಗೆ ಹರಿದು ಬೆಳಗಾಗೋದರೊಳಗೆ ಬ್ಯಾಟರಿ ಖಾಲಿ. ಅದಕ್ಕೆ ನಡುವೆ ಒಂದು ರಿಲೇ: ಡೈನಮೊ ಸಾಕಷ್ಟು ವೋಲ್ಟೇಜ್ ಕೊಟ್ಟಾಗ ಮಾತ್ರ ಕೂಡುತ್ತೆ, ಇಲ್ಲದಿದ್ದರೆ ಬಿಡುತ್ತೆ. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಕೇಳಿರ್ತೀರಿ, 'ಕಟ್‌ಔಟ್ ಹೋಗಿದೆ' ಅಂತ. ಅದೇ ಇದು.

ಇನ್ನು ಹಾರ್ನ್. 1908ರಲ್ಲಿ ಅಮೆರಿಕದಲ್ಲಿ ಮಿಲ್ಲರ್ ರೀಸ್ ಹಚಿಸನ್‌ನ ಕ್ಲ್ಯಾಕ್ಸನ್ ಹಾರ್ನ್ ಬಂತು. ಹಳೆಯ ಸಿನಿಮಾಗಳಲ್ಲಿ 'ಆಊಗಾ' ಅಂತ ಕೂಗುತ್ತಲ್ಲ, ಅದು. ಒಳಗೆ ಮೋಟರ್ ತಿರುಗಿ ತಗಡನ್ನು ಕೆರೆಯುತ್ತೆ. ಆಮೇಲೆ ಎಲ್ಲ ಕಡೆ ಹರಡಿದ್ದು ವಿದ್ಯುತ್ಕಾಂತದ ಹಾರ್ನ್. ಇದು ಬಲು ಮಜಾ. ಕರೆಂಟ್ ಬಂದಾಗ ವಿದ್ಯುತ್ಕಾಂತ ಒಂದು ತೆಳು ತಗಡನ್ನು ಎಳೆಯುತ್ತೆ. ಎಳೆದ ಕೂಡಲೇ ಆ ಎಳೆತವೇ ಒಂದು ಪಾಯಿಂಟನ್ನು ಬಿಡಿಸಿ ಕರೆಂಟ್ ಕಡಿಯುತ್ತೆ. ತಗಡು ವಾಪಸ್ ಹೋಗುತ್ತೆ, ಪಾಯಿಂಟ್ ಕೂಡುತ್ತೆ, ಮತ್ತೆ ಎಳೆತ. ಸೆಕೆಂಡಿಗೆ ಸುಮಾರು 400 ಸಲ. ತಾನು ಕೂತ ಕೊಂಬೆಯನ್ನು ತಾನೇ ಕಡಿದುಕೊಳ್ಳೋ ರಿಲೇ ಅಂತ ಬೇಕಾದರೆ ಅನ್ನಿ.

ಹಾರ್ನ್ ಒಂದಕ್ಕೆ 4-5 ಆಂಪಿಯರ್ ಬೇಕು, ಜೋಡಿ ಹಾರ್ನ್ ಆದರೆ 8-10. ಆದರೆ ಹಾರ್ನಿನ ಬಟನ್ ಎಲ್ಲಿದೆ ನೋಡಿ: ಸ್ಟೀರಿಂಗ್ ಮೇಲೆ, ಅದೂ ತಿರುಗೋ ಚಕ್ರದ ಮೇಲೆ! ತಿರುಗೋ ಚಕ್ರಕ್ಕೆ ದಪ್ಪ ವೈರು ಎಳೆಯೋದು ಹೇಗೆ? ಹಳೆಯ ಕಾರಿನಲ್ಲಿ ಒಂದು ಉಂಗುರಕ್ಕೆ ಉಜ್ಜಿಕೊಂಡು ಹೋಗೋ ಪಾಯಿಂಟ್ ಇರ್ತಿತ್ತು, ಈಗ ಗಡಿಯಾರದ ಸ್ಪ್ರಿಂಗ್ ಥರ ಸುತ್ತಿದ ತೆಳು ಪಟ್ಟಿ ಇರುತ್ತೆ. ಎರಡಕ್ಕೂ 10 ಆಂಪಿಯರ್ ತಡೆಯೋ ತಾಕತ್ತಿಲ್ಲ. ಆಲ್ಬನಿಯ ಮೇಷ್ಟ್ರು ಇಲ್ಲಿ ಕಾರು ಹತ್ತಿದ. ಬಟನ್ ಈಗ ಹಾರ್ನಿಗೆ ಕರೆಂಟ್ ಕೊಡಲ್ಲ. ರಿಲೇಯ ಕಾಯಿಲ್‌ಗೆ ಅರ್ತ್ ಕೊಡುತ್ತೆ, ಅಷ್ಟೇ. ಕಾಯಿಲ್‌ಗೆ ಬೇಕಾಗೋದು ಆಂಪಿಯರಿನ ಆರೇಳನೇ ಒಂದು ಭಾಗ. ಕೂದಲಿನಂಥ ವೈರು ಸಾಕು.

ಡಬ್ಬಿಯನ್ನು ತಿರುಗಿಸಿ ನೋಡಿದರೆ ಕೆಳಗೆ ಕಾಲುಗಳು, ಪಕ್ಕದಲ್ಲಿ ನಂಬರ್: 30, 85, 86, 87. ಲಾಟರಿ ನಂಬರ್ ಅಲ್ಲ. ಜರ್ಮನಿಯ ಡಿಐಎನ್ 72552 ಅನ್ನೋ ಮಾನದಂಡದಲ್ಲಿ ಕಾರಿನ ಒಂದೊಂದು ಟರ್ಮಿನಲ್‌ಗೂ ಒಂದೊಂದು ನಂಬರ್ ಇದೆ. 30 ಅಂದ್ರೆ ಬ್ಯಾಟರಿಯಿಂದ ನೇರ ಬಂದ ಪಾಸಿಟಿವ್, ಯಾವಾಗಲೂ ಜೀವ ಇರೋದು. 31 ಅರ್ತ್. 15 ಅಂದ್ರೆ ಕೀ ತಿರುಗಿಸಿದಾಗ ಬರೋ ಕರೆಂಟ್. 85, 86 ಕಾಯಿಲ್‌ನ ಎರಡು ತುದಿ. 87 ಹೊರಕ್ಕೆ, ಅಂದರೆ ಹಾರ್ನಿಗೋ ಬಲ್ಬಿಗೋ ಹೋಗೋದು. ಕೆಲವದರಲ್ಲಿ 87ಎ ಅಂತ ಇನ್ನೊಂದು ಕಾಲಿರುತ್ತೆ, ರಿಲೇ ಸುಮ್ಮನಿರುವಾಗ ಪಾಯಿಂಟ್ ಒರಗಿಕೊಂಡಿರೋ ಜಾಗ ಅದು. ಡಬ್ಬಿ ಯಾವ ಕಂಪನಿಯದಾದರೂ ಬಹಳ ಮಟ್ಟಿಗೆ ಇದೇ ನಂಬರ್. ಇಷ್ಟು ತಿಳಿದರೆ ನೀವು ಯಾವ ಕಾರಿನ ಹಾರ್ನ್ ವೈರಿಂಗನ್ನಾದರೂ ಓದಬಹುದು: ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಹಾರ್ನಿಗೆ. 86ಕ್ಕೆ ಪಾಸಿಟಿವ್, 85ರಿಂದ ಬಟನ್‌ಗೆ, ಬಟನ್ ಒತ್ತಿದರೆ ಅರ್ತ್.

ಹೆಡ್‌ಲೈಟಿಗೆ ರಿಲೇ ಹಾಕೋ ವಿಷಯದಲ್ಲಿ ಕಂಪನಿಗಳು ಬಹಳ ಕಾಲ ಕೈ ಬಿಗಿ ಹಿಡಿದವು. ಬಲ್ಬ್ ಚಿಕ್ಕದಿದ್ದಾಗ ಸ್ವಿಚ್ಚೇ ತಡೀತಿತ್ತು, ಒಂದು ರಿಲೇಯ ಖರ್ಚು ಉಳೀತಿತ್ತು. 1971ರಲ್ಲಿ ಯುರೋಪಿನಲ್ಲಿ ಎಚ್4 ಹ್ಯಾಲೊಜೆನ್ ಬಲ್ಬ್ ಬಂತು. ನಾವು ಶುರುವಿನಲ್ಲಿ ನೋಡಿದ 60/55 ಅದೇ. ಅಲ್ಲಿಂದ ರಿಲೇ ಇಲ್ಲದೆ ಹೋಗೋದು ಕಷ್ಟವಾಗ್ತಾ ಬಂತು. ಈಗ ಹಿಂದಿನ ಲೆಕ್ಕವನ್ನು ಮತ್ತೆ ಮಾಡಿ. ರಿಲೇಯನ್ನು ಬ್ಯಾಟರಿಯ ಹತ್ತಿರ ಕೂರಿಸಿ, 2.5 ಚದರ ಮಿಲಿಮೀಟರಿನ ವೈರನ್ನು ಒಂದೂವರೆ ಮೀಟರ್ ಎಳೆದರೆ ಅದೇ 9 ಆಂಪಿಯರಿಗೆ ಕಳೆದುಹೋಗೋದು 0.1 ವೋಲ್ಟ್ ಮಾತ್ರ. ಬಲ್ಬ್ ಬದಲಿಸಲಿಲ್ಲ, ಬ್ಯಾಟರಿ ಬದಲಿಸಲಿಲ್ಲ, ರಸ್ತೆ ಮಾತ್ರ ಕಾಣಿಸುತ್ತೆ. ಹಾಗಂತ ರಿಲೇ ಹಾಕಿದ ಮೇಲೆ 100 ವಾಟ್ ಬಲ್ಬ್ ಹಾಕಬಹುದಾ ಅಂದ್ರೆ, ಬೇಡ. ಸ್ವಿಚ್ ಉಳೀಬಹುದು, ಆದರೆ ಆ ಬಿಸಿಗೆ ಹೆಡ್‌ಲೈಟಿನ ಪ್ಲಾಸ್ಟಿಕ್ ಉಳಿಯಲ್ಲ. ಎದುರಿಗೆ ಬರೋ ಬೈಕಿನವನ ಕಣ್ಣಿನ ವಿಷಯ ಬೇರೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಹಾರ್ನ್ ಬರ್ತಿಲ್ಲ ಅಂದ್ರೆ ಬಟನ್ ಒತ್ತಿ ಕಿವಿಗೊಡಿ. 'ಟಕ್' ಬಂದು ಹಾರ್ನ್ ಬರದಿದ್ದರೆ ಬಟನ್ ಸರಿಯಿದೆ, ತೊಂದರೆ ಆಮೇಲಿನದು: ರಿಲೇಯ ಪಾಯಿಂಟು, ಫ್ಯೂಸು, ವೈರು, ಇಲ್ಲವೇ ಹಾರ್ನೇ. 'ಟಕ್' ಕೂಡ ಇಲ್ಲ ಅಂದ್ರೆ ಬಟನ್ ಕಡೆ, ಇಲ್ಲವೇ ಕಾಯಿಲ್. ಎಷ್ಟೋ ಕಾರುಗಳ ಫ್ಯೂಸ್ ಬಾಕ್ಸಿನಲ್ಲಿ ಪಕ್ಕಪಕ್ಕದಲ್ಲೇ ಒಂದೇ ಪಾರ್ಟ್ ನಂಬರಿನ ಎರಡು ರಿಲೇ ಇರುತ್ತವೆ. ಅದಲು ಬದಲು ಮಾಡಿ ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ನಂಬರ್ ಒಂದೇ ಇದ್ದರೆ ಮಾತ್ರ.

ಡಬ್ಬಿಯ ಮೈಮೇಲೆ ಒಂದು ಪುಟ್ಟ ನಕ್ಷೆ ಅಚ್ಚಾಗಿರುತ್ತೆ. ಕೆಲವದರಲ್ಲಿ ಕಾಯಿಲ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಅಥವಾ ಡಯೋಡ್ ಕಾಣುತ್ತೆ. ಅದ್ಯಾಕೆ? ಕಾಯಿಲ್‌ಗೆ ಕರೆಂಟ್ ಕಡಿದ ಆ ಕ್ಷಣ, ಅದರ ಕಾಂತಕ್ಷೇತ್ರ ಕುಸಿದು ಕಾಯಿಲ್‌ನಲ್ಲೇ ಒಂದು ಝಟ್ಕಾ ಹುಟ್ಟುತ್ತೆ. 12 ವೋಲ್ಟಿನ ಕಾಯಿಲ್ ನೂರು ವೋಲ್ಟಿಗೂ ಹೆಚ್ಚು ಚಿಮ್ಮಬಹುದು. ಇವತ್ತಿನ ಕಾರಿನ ಚಿಪ್‌ಗಳಿಗೆ ಅದು ಸಾವು. ಅದನ್ನು ಅಲ್ಲೇ ಇಂಗಿಸೋಕೆ ಈ ಡಯೋಡ್. ಡಯೋಡ್ ಇದ್ದರೆ 85, 86 ಉಲ್ಟಾ ಕೊಡಬೇಡಿ, ಫ್ಯೂಸ್ ಹಾರುತ್ತೆ. ಈ ಝಟ್ಕಾವನ್ನು ಗಮನಿಸಿ, ಉದ್ದ ತಂತಿಯ ಸರ್ಕ್ಯೂಟ್ ಕಡಿದಾಗ ಕಿಡಿ ಯಾಕೆ ಜೋರಾಗಿರುತ್ತೆ ಅಂತ 1832ರಲ್ಲಿ ಬರೆದವನು ಮತ್ತೆ ಅದೇ ಹೆನ್ರಿ. ಕಾಯಿಲ್‌ನ ಆ ಗುಣವನ್ನು ಅಳೆಯೋ ಏಕಮಾನಕ್ಕೆ 1893ರಲ್ಲಿ ಷಿಕಾಗೊದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ ಅವನ ಹೆಸರನ್ನೇ ಇಟ್ಟಿತು. ಪಿಯುಸಿಯಲ್ಲಿ ಫಿಸಿಕ್ಸ್ ಓದಿದವರಿಗೆ ನೆನಪಾಗುತ್ತೆ: ಇಂಡಕ್ಟೆನ್ಸಿನ ಯೂನಿಟ್ ಹೆನ್ರಿ. ಹೆನ್ರಿ ಸತ್ತು ಆಗ 15 ವರ್ಷ ಆಗಿತ್ತು.

ಶುರುವಿನಲ್ಲಿ ಹೇಳಿದ್ದೆ, ಹೊಸ ಕಾರಿನಲ್ಲಿ 'ಟಕ್' ಬರದೇ ಇರಬಹುದು ಅಂತ. ಎಲ್‌ಇಡಿ ಬಂದ ಮೇಲೆ ಹೆಡ್‌ಲೈಟಿಗೆ ಅಷ್ಟು ಕರೆಂಟೇ ಬೇಡ. ರಿಲೇ ಮಾಡ್ತಿದ್ದ ಎಷ್ಟೋ ಕೆಲಸವನ್ನು ಚಿಪ್ಪುಗಳು ಸದ್ದಿಲ್ಲದೆ ಮಾಡ್ತವೆ. ಇಂಡಿಕೇಟರ್ ಹಾಕಿದಾಗ 'ಟಿಕ್ ಟಿಕ್' ಅನ್ನೋದು ಹಿಂದೆ ನಿಜವಾದ ಫ್ಲ್ಯಾಷರ್ ರಿಲೇಯ ಸದ್ದು. ಈಗ ಎಷ್ಟೋ ಕಾರುಗಳಲ್ಲಿ ಫ್ಲ್ಯಾಷರ್ ರಿಲೇ ಇಲ್ಲ, ಸ್ಪೀಕರ್ ಆ ಸದ್ದನ್ನು ನುಡಿಸುತ್ತೆ. ಇಂಡಿಕೇಟರ್ ಆನ್ ಇದೆ ಅಂತ ಡ್ರೈವರಿಗೆ ಗೊತ್ತಾಗಬೇಕಲ್ಲ.

ಹಾಗಂತ ರಿಲೇ ಮನೆಗೆ ಹೋಗಿಲ್ಲ. ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿ 300-400 ವೋಲ್ಟಿನದು, ಕರೆಂಟು ನೂರಾರು ಆಂಪಿಯರ್. ಅದನ್ನು ಕೂಡಿಸಿ ಕಡಿಯೋಕೆ ಅಲ್ಲಿ ಕಾಂಟ್ಯಾಕ್ಟರ್ ಅಂತ ಇರುತ್ತೆ. ಹೆಸರು ಬೇರೆ, ಜಾತಿ ಅದೇ: 12 ವೋಲ್ಟಿನ ಚಿಕ್ಕ ಕಾಯಿಲ್, ದೊಡ್ಡ ಪಾಯಿಂಟ್. ಮೊದಲು ಒಂದು ಚಿಕ್ಕ ರಿಲೇ ರೆಸಿಸ್ಟರ್ ಮೂಲಕ ನಿಧಾನಕ್ಕೆ ಕರೆಂಟ್ ಬಿಡುತ್ತೆ, ಆಮೇಲೆ ಮುಖ್ಯ ಕಾಂಟ್ಯಾಕ್ಟರ್ ಕೂಡುತ್ತೆ. ಮುಂದಿನ ಸಲ ಎಲೆಕ್ಟ್ರಿಕ್ ಕಾರು ಹತ್ತಿದಾಗ ಎಸಿ, ಮ್ಯೂಸಿಕ್ ಆಫ್ ಮಾಡಿ, ಸ್ಟಾರ್ಟ್ ಬಟನ್ ಒತ್ತಿ ಸೀಟಿನ ಕೆಳಗೆ ಕಿವಿಗೊಡಿ.

[ಸದ್ದು: ಟಕ್... ಟಕ್.]

ನಿಮ್ಮ ಕಾರಿನ 'ಟಕ್' ಎಲ್ಲಿಂದ ಬರುತ್ತೆ ಅಂತ ಹುಡುಕಿ, ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ.